ಎರಡು ಹೆಸರಿನ ಸಿಪಾಯಿ

ಪಾಂಡಪ್ಪ ತನ್ನ ಹೆಂಡತಿಯ ತಮ್ಮನ ಕೈ ಮುರಿದದ್ದು ನಮ್ಮ ಬ್ಯಾಂಕಿನ ಒಳಗೇ, ಮಧ್ಯಾಹ್ನ ಹನ್ನೆರಡೂವರೆಗೆ, ನನ್ನ ಕಣ್ಣೆದುರಿಗೇ. ಆ ಹೊತ್ತಿನಲ್ಲಿ ನಾನು ಕ್ಯಾಶ್ ಕೌಂಟರಿನ ಚಿಲಕ ಒಳಗಿನಿಂದ ಹಾಕಿಕೊಂಡು ಕೂತಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳುವುದು ಬೇಡ.

ಬನಹಟ್ಟಿಯ ನಮ್ಮ ಶಾಖೆಯಲ್ಲಿ ಪಾಂಡಪ್ಪ ಹತ್ತೊಂಬತ್ತು ವರ್ಷ ದಿನಗೂಲಿ ಸಿಪಾಯಿ. ಹುನ್ನೂರಿನವನು, ಮದುವೆಯಾದ ಮೇಲೆ ಹೆಂಡತಿ ಹಾಲವ್ವನ ಊರಿಗೇ ಬಂದು ನಿಂತವನು. ಅವನಿಗೆ ಈ ಕೆಲಸ ಸಿಕ್ಕಿದ್ದೂ ಹೊಡೆದಾಟದಿಂದಲೇ. ಬ್ಯಾಂಕಿನ ಮೆಟ್ಟಿಲ ಮೇಲೆ ಮುದುಕಿಯೊಬ್ಬಳ ಕೊರಳಿಗೆ ಕೈ ಹಾಕಿದ ಕಳ್ಳನನ್ನು ಬೆನ್ನಟ್ಟಿ, ಅವನ ಎರಡು ಹಲ್ಲು ಉದುರಿಸಿ, ಸರವನ್ನು ತಂದು ಮ್ಯಾನೇಜರರ ಟೇಬಲ್ ಮೇಲೆ ಇಟ್ಟಿದ್ದ. ಅಂದಿನ ಮ್ಯಾನೇಜರ್ 'ನಾಳಿಯಿಂದ ಬಾ' ಅಂದರು. ಅಲ್ಲಿಂದ ಮುಂದೆ ಶಟರ್ ಎತ್ತುವವನು, ಕಸ ಹೊಡೆಯುವವನು, ನೀರು ತುಂಬುವವನು, ಪಿಂಚಣಿ ದಿನದ ನೂಕುನುಗ್ಗಲಿಗೆ ಗದರುವವನು ಎಲ್ಲ ಅವನೇ. ಕುಡಿದು ಬಂದವರನ್ನು ಕೊರಳಪಟ್ಟಿ ಹಿಡಿದು ಹೊರಗೆ ಒಗೆಯುತ್ತಿದ್ದ. ನಾವು ಒಳಗೆ ಕೂತು ನಗುತ್ತಿದ್ದೆವು. ನಮಗೆ ಅವನ ಸಿಟ್ಟು ಬೇಕಿತ್ತು, ಅವನು ಬೇಕಿರಲಿಲ್ಲ.

ಬೇಕಿರಲಿಲ್ಲ ಅನ್ನುವುದಕ್ಕೆ ನಮ್ಮ ವೋಚರುಗಳೇ ಸಾಕ್ಷಿ. ಒಬ್ಬನೇ ಕೂಲಿಯವನ ಹೆಸರು ವರ್ಷಕ್ಕೆ ಇನ್ನೂರ ನಲವತ್ತು ದಿನ ದಾಟಿದರೆ ಅವನು ಕಾಯಂ ಮಾಡಿರಿ ಎಂದು ಕೋರ್ಟಿಗೆ ಹೋದಾನು ಎಂಬ ಹೆದರಿಕೆ ನಮ್ಮಲ್ಲಿ ಹಳೆಯದು. ಅದಕ್ಕೆ ತಿಂಗಳ ಮೊದಲ ಹದಿನೈದು ದಿನ ಪಾಂಡಪ್ಪನ ಹೆಸರು, ಉಳಿದ ಹದಿನೈದು ದಿನ ಅವನ ಹೆಂಡತಿಯ ತಮ್ಮ ವೀರಣ್ಣನ ಹೆಸರು. ವೀರಣ್ಣ ಪಾವರ್‌ಲೂಮಿನಲ್ಲಿ ಸೀರೆ ನೇಯುವವನು, ನಮ್ಮಲ್ಲಿ ಒಂದು ದಿನವೂ ಕಸಬರಿಗೆ ಹಿಡಿದವನಲ್ಲ. ಎರಡೂ ಸಹಿ ಪಾಂಡಪ್ಪನೇ ಮಾಡುತ್ತಿದ್ದ. ಕಲಿತದ್ದು ಮೂರನೇ ಇಯತ್ತೆ, ಆದರೂ ತನ್ನ ಹೆಸರಿಗಿಂತ ವೀರಣ್ಣನ ಹೆಸರನ್ನೇ ದುಂಡಗೆ ಬರೆಯುತ್ತಿದ್ದ. ಆ ವೋಚರುಗಳನ್ನು ಪಾಸ್ ಮಾಡುತ್ತಿದ್ದವನು ನಾನು.

ಇಂಥದರಲ್ಲಿ ವಿಲೀನದ ಸುದ್ದಿ ಬಂತು. ನಮ್ಮದೂ ಇನ್ನೊಂದೂ, ಎರಡು ದೊಡ್ಡ ಗ್ರಾಮೀಣ ಬ್ಯಾಂಕು ಒಂದಾಗುತ್ತವೆ ಎಂದು. ಯಾವಾಗ, ಹೇಗೆ, ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದವರೇ ಹೆಚ್ಚು ಮಾತಾಡಿದರು. ನಾವು ನಾಲ್ವರು ಜಮಖಂಡಿಯಿಂದ ಕೂಡಿ ಬರುತ್ತಿದ್ದ ಕಾರಿನಲ್ಲಿ ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಲೋಕಾಪುರದ ಶಾಖೆ ಮುಚ್ಚುತ್ತದಂತೆ, ಬೀಳಗಿಯವರನ್ನು ರಾಯಚೂರಿಗೆ ಒಗೆಯುತ್ತಾರಂತೆ, ನಮ್ಮ ಸೀನಿಯಾರಿಟಿ ಮಣ್ಣುಪಾಲಂತೆ. ಅಂತೆ ಕಂತೆಗಳ ಆ ಸಂತೆಯಲ್ಲಿ ದೊಡ್ಡ ವ್ಯಾಪಾರಿ ನಾನೇ. ಹೆಡ್ ಆಫೀಸಿನಲ್ಲಿ ನನಗೊಬ್ಬ ದೋಸ್ತ್ ಇದ್ದಾನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಇದ್ದದ್ದು ಖರೆ, ಆದರೆ ಪಾಪ, ಅವನೇ ನನಗೆ ಫೋನು ಮಾಡಿ ಸುದ್ದಿ ಕೇಳುತ್ತಿದ್ದ.

ಒಂದು ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಬಾಯಿಗೆ ಬಂದದ್ದನ್ನು ಅಂದೆ: "ಒಂದ ಶಾಖಾಕ್ಕ ಒಬ್ಬ ಸಿಪಾಯಿನ್ನ ಕಾಯಂ ಮಾಡ್ತಾರಂತ. ವೋಚರಿನಾಗ ಯಾರ ದಿನಾ ಹೆಚ್ಚ ಅದಾವೋ ಅವನ್ನ."

ನೀರು ಹಾಕುತ್ತಿದ್ದ ಪಾಂಡಪ್ಪ ತಂಬಿಗೆಯನ್ನು ಕೆಳಗಿಟ್ಟ. "ಖರೇನ್ರಿ, ಚಿದಾನಂದ ಸಾಹೇಬ್ರ?"

"ನಮ್ಮ ದೋಸ್ತ್ ಹೇಳ್ಯಾನಪಾ. ಸುಳ್ಳ ಯಾಕ ಹೇಳ್ತಾನ?"

ಅವತ್ತು ಸಂಜೆಯೇ ಅವನು ವೀರಣ್ಣನ ಮನೆಗೆ ಹೋದ. 'ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿಲ್ಲ, ಎಲ್ಲ ದಿನಗಳೂ ನಮ್ಮ ಅಕ್ಕನ ಗಂಡನವು' ಎಂದು ಬರೆದುಕೊಡು ಅಂದ. ವೀರಣ್ಣ "ಆತು ಮಾವ" ಅಂದ. ಆದರೆ ಬನಹಟ್ಟಿಯಲ್ಲಿ ಸುದ್ದಿಗೆ ಕಾಲು ಹೆಚ್ಚು. ಒಬ್ಬನನ್ನೇ ಕಾಯಂ ಮಾಡುತ್ತಾರಂತೆ ಎಂಬುದು ಮಗ್ಗದ ಶೆಡ್ಡಿಗೂ ಮುಟ್ಟಿತು. ಎಂಟು ದಿನ ಬಿಟ್ಟು ವೀರಣ್ಣ ಅರ್ಜಿ ಹಿಡಿದು ಬ್ಯಾಂಕಿಗೇ ಬಂದ. ಹತ್ತೊಂಬತ್ತು ವರ್ಷ ಇಲ್ಲಿ ದುಡಿದವನು ನಾನೇ ಎಂದು ಅದರಲ್ಲಿ ಬರೆಸಿದ್ದ.

"ಇದೇನಲೇ?" ಪಾಂಡಪ್ಪ ಕೇಳಿದ.

"ಹೆಸರ ನಂದೈತಿ, ಮಾವ. ನನಗೂ ಎರಡ ಮಕ್ಕಳದಾವ."

"ಕಕ್ಕಸ ಯಾಂವ ತೊಳದಾನಲೇ ಇಲ್ಲಿ?"

"ಕಾಗದದಾಗ ನಾನ ತೊಳದೇನಿ," ಅಂದು ವೀರಣ್ಣ ನಕ್ಕ.

ನಗಬಾರದಿತ್ತು. ಪಾಂಡಪ್ಪ ಶಟರ್ ಎಳೆಯುವ ಕಬ್ಬಿಣದ ಸಲಾಕೆ ತಗೊಂಡು ಅವನ ಭುಜಕ್ಕೆ ಬಾರಿಸಿದ. ವೀರಣ್ಣನೂ ಸುಮ್ಮನಿರಲಿಲ್ಲ, ಸ್ಟೂಲು ಎತ್ತಿ ಮಾವನ ಹಣೆ ಒಡೆದ. ಕಣ್ಣಿಗೆ ರಕ್ತ ಇಳಿದ ಮೇಲಂತೂ ಪಾಂಡಪ್ಪ ಮನುಷ್ಯನಾಗಿ ಉಳಿಯಲಿಲ್ಲ. ಅವನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದು ಸಲಾಕೆಯಿಂದ ಅದರ ಮೇಲೇ ಹೊಡೆಯತೊಡಗಿದ. ಒಂದೊಂದು ಪೆಟ್ಟಿಗೂ ಒಂದೊಂದು ಮಾತು.

"ಇದು ಕೊರೋನಾದಾಗ ನಾ ಕೆಲಸಕ್ಕ ಬಂದಿದ್ದಕ್ಕ! ಇದು ಜ್ವರದಾಗ ಬಂದಿದ್ದಕ್ಕ! ಇದು ನಮ್ಮವ್ವನ್ನ ಮಣ್ಣ ಮಾಡಿ ಮಧ್ಯಾಹ್ನ ಬಂದಿದ್ದಕ್ಕ!"

ಬೆರಳಿನ ಎಲುಬು ಮುರಿಯುವ ಸಪ್ಪಳ ನನಗೆ ಕೇಳಿಸಿತು. ಹೆಂಗಸರು ಚೀರುತ್ತ ಹೊರಗೋಡಿದರು. ನಾಲ್ಕು ಹೆಜ್ಜೆ ದೂರದಲ್ಲಿದ್ದೆ, 'ಪಾಂಡಪ್ಪ, ನಾ ಹೇಳಿದ್ದು ಸುಳ್ಳ ಐತಿ' ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ. ನನ್ನ ಹೇಡಿತನಕ್ಕೆ ನನಗೇ ಅಸಹ್ಯವಾಗುತ್ತದೆ.

ಜಮಖಂಡಿಯ ಆಸ್ಪತ್ರೆಯಲ್ಲಿ ವೀರಣ್ಣನ ಮೂರು ಬೆರಳು ತೆಗೆದರು. ಮಗ್ಗ ನಡೆಸುವುದು ಅವನಿಂದ ಇನ್ನು ಆಗುವುದಿಲ್ಲ. ಪಾಂಡಪ್ಪ ಜೈಲು ಸೇರಿದ. ಈ ಪಾಂಡಪ್ಪ ನಿಮ್ಮ ನೌಕರನೋ ಅಲ್ಲವೋ ಎಂದು ಕೇಳಿ ಪೊಲೀಸರು ಬ್ಯಾಂಕಿಗೆ ಪತ್ರ ಬರೆದರು. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಹೌದಂದ್ರ ವೋಚರ ತಗಸ್ತಾರ, ಚಿದಾನಂದ. ವಿಲೀನದ ಹೊತ್ತಿನ್ಯಾಗ ನಂದೂ ನೌಕರಿ ಹೋಗತೈತಿ, ನಿಮ್ಮದೂ ಹೋಗತೈತಿ. ನಿಮ್ಮ ಅಕ್ಷರ ಛಲೋ ಅದಾವ, ಬರೀರಿ."

ಬರೆದೆ. ಪಾಂಡಪ್ಪ ಎಂಬ ನೌಕರ ನಮ್ಮ ಶಾಖೆಯಲ್ಲಿ ಎಂದೂ ಇರಲಿಲ್ಲ, ಸದರಿಯವರು ಆಗಾಗ ಬಂದುಹೋಗುತ್ತಿದ್ದ ಗ್ರಾಹಕರು ಎಂದು ಬರೆದೆ.

ಆಮೇಲೆ ವಿಲೀನವೂ ಆಯಿತು. ಹೊಸ ಬೋರ್ಡು ಬಂತು. ಲೋಕಾಪುರದ ಶಾಖೆ ಮುಚ್ಚಲಿಲ್ಲ, ಬೀಳಗಿಯವರು ಬೀಳಗಿಯಲ್ಲೇ ಇದ್ದಾರೆ. ದಿನಗೂಲಿಯವರ ಬಗ್ಗೆ ಆದೇಶದಲ್ಲಿ ಒಂದು ಸಾಲೂ ಇರಲಿಲ್ಲ.

ಹೋದ ವಾರ ಹಾಲವ್ವ ಬಂದಳು. ಸಾಲಿನಲ್ಲಿ ನಿಂತು, ತನ್ನ ಪಾಳಿ ಬಂದಾಗ ಮಡಚಿದ ಕಾಗದವೊಂದನ್ನು ಕೌಂಟರಿನೊಳಗೆ ಸರಿಸಿದಳು.

"ವಕೀಲರು ಕೊಟ್ಟಾರ್ರಿ. ಏನ ಬರದೈತಿ, ಓದಿ ಹೇಳ್ರಿ."

ನನ್ನದೇ ಅಕ್ಷರ. ಮೆಲ್ಲಗೆ ಓದಿದೆ. ಅವಳು ಕಾಗದ ವಾಪಸು ತಗೊಂಡು ಮಡಚಿದಳು.

"ಹಂಗಾದ್ರ ಹತ್ತೊಂಬತ್ತ ವರ್ಷ, ದಿನಾ ಮುಂಜಾನೆ ನಾ ಬುತ್ತಿ ಕಟ್ಟಿ ಕಳಸತಿದ್ನೆಲ್ಲರಿ," ಅಂದಳು, "ನಮ್ಮ ಮನಿಯವ್ರು ಎಲ್ಲಿಗ ಹೋಗತಿದ್ರು, ಸಾಹೇಬ್ರ?"

ಉತ್ತರಕ್ಕಾಗಿ ಅವಳು ಅಲ್ಲೇ ನಿಂತಳು. ನಾನು ಅವಳ ಹಿಂದಿದ್ದವರ ಪಾಸ್‌ಬುಕ್ಕಿಗೆ ಕೈ ಚಾಚಿದೆ.