ಟೈರಿಗೆ ಲಂಗ ತೊಡಿಸಿದ ಮಾವ

ನಮ್ಮ ಮಾವ ಟೈರ್ ಪಾಲಿಶ್ ಕೊಳ್ಳುವ ಚಂದವನ್ನು ನೀವು ನೋಡಬೇಕು. ಬೇರೆಯವರು ಬಾಟಲಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಜೇಬಿಗೆ ಕೈ ಹಾಕುತ್ತಾರೆ. ಇವನು ಮುಚ್ಚಳ ತೆಗೆದು ಮೊದಲು ಮೂಗಿಗೆ ಹಿಡಿಯುತ್ತಾನೆ. ಆಮೇಲೆ ಎರಡು ಬೆರಳುಗಳ ನಡುವೆ ಒಂದು ಹನಿ ಹಾಕಿ ಉಜ್ಜಿ, ಕಣ್ಣು ಮುಚ್ಚಿ, ಸಂಗೀತ ಕಚೇರಿಯಲ್ಲಿ ಕೂತವನ ಹಾಗೆ ತಲೆಯಾಡಿಸುತ್ತಾನೆ. "ಸೀಮೆಎಣ್ಣೆ ನಾತ ಬರ್ತಿದೆ ಸ್ವಾಮಿ. ಇದು ಪಾಲಿಶ್ ಅಲ್ಲ, ವಿಷ" ಎಂದು ಬಾಟಲಿಯನ್ನು ಇದ್ದಲ್ಲೇ ಇಟ್ಟು ಹೊರಡುತ್ತಾನೆ. ಮಾರುವವನು ಇಂಗು ತಿಂದ ಮಂಗನ ಹಾಗೆ ನಿಂತಿರುತ್ತಾನೆ. ಜೊತೆಗೆ ಹೋದ ತಪ್ಪಿಗೆ ನಾನೂ ತಲೆ ತಗ್ಗಿಸಿಕೊಂಡು ಹಿಂದೆ ಬರುತ್ತೇನೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಇಪ್ಪತ್ತೆಂಟು ವರ್ಷದಿಂದ ಟೈರ್ ಅಂಗಡಿ ಇಟ್ಟಿದ್ದಾನೆ. ಅವನ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಹಾಗಾಗಿ ಅವನು ಗಿರಾಕಿಗಳಿಗೆ ಕೊಡುವ ಪ್ರವಚನವೆಲ್ಲ ನನಗೆ ಬಾಯಿಪಾಠ. ಫಳಫಳ ಹೊಳೆಯುವ ಎಣ್ಣೆ ಪಾಲಿಶ್ ರಬ್ಬರಿನೊಳಗಿನ ಮೇಣವನ್ನು ಎಳೆದು ಹಾಕುತ್ತದೆ; ಹಾಲಿನಂತಿರುವ, ನೀರಲ್ಲಿ ಕಲಸಿದ ಪಾಲಿಶ್ ಆ ಕೆಲಸ ಮಾಡುವುದಿಲ್ಲ. ಬಿಸಿಲಿಗೆ ನಿಲ್ಲಿಸಬೇಡಿ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಅದೇನು ಪಾತ್ರೆಯೇ? ಎಲ್ಲ ಮುಗಿದ ಮೇಲೆ ಗಿರಾಕಿಯ ಸ್ಟೆಪ್ನಿ ಹೊರಗೆ ತೆಗೆಸುತ್ತಾನೆ. "ಇದನ್ನ ನೋಡಿ. ಒಂದು ದಿನ ರಸ್ತೆ ಕಂಡಿಲ್ಲ, ಆದ್ರೂ ಮೈಯೆಲ್ಲ ಬಿರುಕು. ಯಾಕೆ? ಓಡೋ ಟೈರಿಗೆ ಒಳಗಿನ ಮೇಣ ತಾನಾಗೇ ಮೇಲೆ ಬರುತ್ತೆ. ನಿಂತ ಟೈರಿಗೆ ಬರಲ್ಲ. ಓಡ್ಸಿ ಸ್ವಾಮಿ, ಓಡ್ಸಿ!" ಇಷ್ಟೆಲ್ಲ ಹೇಳುವ ಮಹಾನುಭಾವನಿಗೆ ಸ್ವತಃ ಕಾರು ಓಡಿಸಲು ಬರುವುದಿಲ್ಲ. ಮನೆಗೆ ಹೋಗುವುದು, ಬರುವುದು ಎಲ್ಲ ಸೈಕಲ್ಲಿನಲ್ಲಿ.

ಓಡಿಸಲು ಬರುವುದು ಅತ್ತೆಗೆ. ಅತ್ತೆ ಟೈಲರ್, ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಇಟ್ಟುಕೊಂಡು ಮೂರು ಶಾಲೆಗಳಿಗೆ ಯೂನಿಫಾರ್ಮ್ ಹೊಲಿಯುತ್ತಾಳೆ. ಬಟ್ಟೆಗಂಟುಗಳನ್ನು ಆಟೋಗೆ ತುಂಬಿ, ಆಟೋದವನ ಗೊಣಗಾಟ ಕೇಳಿ ಕೇಳಿ ಸಾಕಾಗಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಮೊದಲ ಸಲಕ್ಕೇ ಲೈಸೆನ್ಸ್ ಬಂತು. ಹಿಂದೆಯೇ ಹೊಲಿಗೆಯ ದುಡ್ಡಿನಲ್ಲಿ ಒಂದು ಹಳೇ ನೀಲಿ ಕಾರು ಕೊಂಡಳು. ಮಾರಿದವನು ಅದನ್ನು ತಂದು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿ ಹೋದ. ಅದಾಗಿ ಮೂರು ವರ್ಷ. ಕಾರು ಅಲ್ಲಿಂದ ಒಂದಡಿ ಕದಲಿರಲಿಲ್ಲ. ತನ್ನ ಕಾರನ್ನು ತಾನೇ ಓಡಿಸಿಕೊಂಡು ಶಾಲೆಯ ಗೇಟಿನೊಳಗೆ ಹೋಗಬೇಕು ಎನ್ನುವುದೊಂದೇ ಅತ್ತೆಯ ಆಸೆ. ಅದೇ ಆಗುತ್ತಿರಲಿಲ್ಲ.

ಯಾಕೆಂದರೆ ಕಾರು ಬಂದ ದಿನವೇ ಮಾವ ಅದರ ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಿವಿ ಇಡುವುದೊಂದು ಬಾಕಿ, ಅಷ್ಟು ಹೊತ್ತು ಪರೀಕ್ಷೆ ಮಾಡಿದ್ದ. "ಬಹಳ ಸೂಕ್ಷ್ಮ ಇದೆ ಕಣೆ. ಮೊದಲು ಸರಿಯಾದ ಪಾಲಿಶ್ ಆರಿಸ್ತೀನಿ. ಆಮೇಲೆ ಓಡಿಸುವಿಯಂತೆ" ಎಂದು ಕೀಯನ್ನು ಜೇಬಿಗೆ ಇಳಿಬಿಟ್ಟ. ಮದುವೆಯಾದ ಮೊದಲ ವಾರವೇ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರಂತೆ: ಹೊಲಿಗೆಯಲ್ಲಿ ಅವಳ ಮಾತೇ ಕೊನೆ, ಟೈರಿನಲ್ಲಿ ಇವನ ಮಾತೇ ಕೊನೆ. ಅತ್ತೆ ಮಾತಿಗೆ ತಪ್ಪುವವಳಲ್ಲ. "ಎಷ್ಟು ದಿನ ಬೇಕ್ರೀ?" ಎಂದಳು. "ಒಂದು ತಿಂಗಳು" ಎಂದ ಮಾವ.

ಹಳೇ ಟೈರುಗಳ ಮಗ್ಗುಲು ಕತ್ತರಿಸಿ ಹದಿನಾರು ಚೂರು ಮಾಡಿದ. ಒಂದು ಹಲಗೆಗೆ ಎಲ್ಲವನ್ನೂ ಬಗ್ಗಿಸಿ ಮೊಳೆ ಹೊಡೆದು, ಬಿಳಿ ಬಣ್ಣದಲ್ಲಿ ನಂಬರ್ ಬರೆದು ಟೆರೇಸಿನ ಬಿಸಿಲಿಗೆ ಇಟ್ಟ. ಒಂದೊಂದಕ್ಕೂ ಒಂದೊಂದು ಉಪಚಾರ. ಸ್ಪ್ರೇ, ಜೆಲ್, ಡೀಸೆಲ್, ಬೂಟ್ ಪಾಲಿಶ್, ಅಡುಗೆ ಎಣ್ಣೆ, ಯಾರೋ ಲಾರಿ ಡ್ರೈವರ್ ಆಣೆ ಹಾಕಿ ಹೇಳಿದ ಹರಳೆಣ್ಣೆ. ಏಳನೆಯದು ನೀರಿನ ಪಾಲಿಶ್. ಪ್ರತಿ ಭಾನುವಾರ ಭೂತಗನ್ನಡಿ ಹಿಡಿದು ಬಿರುಕು ಎಣಿಸುತ್ತಿದ್ದ. ಬರೆದುಕೊಳ್ಳುವ ಕರ್ಮ ನನ್ನದು; ಅಕ್ಷರ ದುಂಡಗಿದೆ ಅನ್ನುವುದೇ ನನ್ನ ಅಪರಾಧ. "ನಾಲ್ಕು: ಹೊಳಪು ಜಾಸ್ತಿ, ಬಿರುಕು ಆರು" ಎಂದು ಅವನು ಕೂಗುವಾಗ ಅಕ್ಕಪಕ್ಕದ ಟೆರೇಸಿನವರು ಬಟ್ಟೆ ಒಣಗಿಸುವುದನ್ನು ಬಿಟ್ಟು ಇಣುಕುತ್ತಿದ್ದರು.

ಒಂಬತ್ತನೇ ಚೂರಿನ ಕಥೆ ಮನೆಯಲ್ಲಿ ರಾಮಾಯಣವನ್ನೇ ಮಾಡಿತು.

"ರೀ, ನನ್ನ ಕೈಗೆ ಹಚ್ಚೋ ಕ್ರೀಮ್ ಎಲ್ಲಿ?" ಎಂದು ಅತ್ತೆ ಕೇಳಿದಳು.

"ಟೆರೇಸ್ ಮೇಲಿದೆ."

"ಟೆರೇಸಲ್ಲಿ ಅದಕ್ಕೇನು ಕೆಲಸ?"

"ಟೈರಿಗೆ ಹಚ್ಚಿದೀನಿ. ಎಷ್ಟು ಚೆನ್ನಾಗಿ ಹೀರ್ಕೊಳ್ತಿದೆ ಗೊತ್ತಾ!"

"ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ, ಈ ಕೈಗೆ ಒಂದು ಡಬ್ಬಿ ಕ್ರೀಮ್ ತಂದುಕೊಟ್ಟವರಲ್ಲ. ಟೈರಿನ ಭಾಗ್ಯ ನೋಡೇ!" ಈ ಕೊನೆಯ ಮಾತು ನನಗೆ. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ಇಷ್ಟರ ನಡುವೆ ಕಾರಿನ ಟೈರುಗಳಿಗೆ ಏನನ್ನೂ ಹಚ್ಚುವ ಹಾಗಿಲ್ಲ. ಆಯ್ಕೆ ಮುಗಿದಿಲ್ಲವಲ್ಲ! ಅಲ್ಲಿಯವರೆಗೆ ಧೂಳು ಬೆಳಕು ತಾಗದಿರಲಿ ಎಂದು ಅತ್ತೆಯ ಕೈಲೇ ನಾಲ್ಕು ಗವಸು ಹೊಲಿಸಿದ. ಯೂನಿಫಾರ್ಮಿನಲ್ಲಿ ಉಳಿದ ಕಡುನೀಲಿ ಬಟ್ಟೆ, ಮೇಲೆ ಎಲಾಸ್ಟಿಕ್, ಕೆಳಗೆ ನೆರಿಗೆ. ಥೇಟ್ ಲಂಗ. ಶೆಡ್ಡಿಗೆ ಬಂದವರೆಲ್ಲ ನಿಮ್ಮ ಕಾರು ಎಷ್ಟನೇ ಕ್ಲಾಸು ಎಂದು ಕೇಳಿ ಹೋಗುತ್ತಿದ್ದರು.

ಒಂದು ಬೇಸಿಗೆ ಕಳೆಯುವಷ್ಟರಲ್ಲೇ ನನ್ನ ಪುಸ್ತಕದಲ್ಲಿ ಉತ್ತರ ಬಂದಿತ್ತು. ಏಳನೆಯದರಲ್ಲಿ ಬಿರುಕು ಸೊನ್ನೆ. "ಮಾವ, ಮುಗೀತಲ್ಲ, ಏಳು ಗೆದ್ದಿತು" ಎಂದೆ. "ಬಿಸಿಲಿನ ಲೆಕ್ಕ ಬೇರೆ, ಮಳೆ ಲೆಕ್ಕ ಬೇರೆ" ಎಂದ. ಮಳೆಗಾಲ ಕಳೆಯಿತು. "ಚಳಿ ನೋಡ್ಬೇಡ್ವಾ?" ಎಂದ. ಚಳಿಯೂ ಹೋಯಿತು. "ಒಂದೇ ವರ್ಷ ನಂಬೋಕಾಗುತ್ತೇನೇ?" ಎಂದು ಹೊಸ ಹದಿನಾರು ಚೂರು ಕತ್ತರಿಸಿದ. ನನಗೆ ಆಗಲೇ ಎಲ್ಲೋ ಏನೋ ತಾಳೆಯಾಗುತ್ತಿಲ್ಲ ಎನ್ನಿಸಿತು. ಮಾತಿಗೊಮ್ಮೆ ಓಡ್ಸಿ ಸ್ವಾಮಿ ಎನ್ನುವವನು ಮನೆಯ ಕಾರನ್ನು ಮಾತ್ರ ಲಂಗ ತೊಡಿಸಿ ಕೂರಿಸಿದ್ದ. ಕೇಳಿದರೆ ಮೂಗಿನ ತುದಿಯಲ್ಲೇ ಕೋಪ.

ಮೂರನೇ ವರ್ಷ ಶಾಲೆ ಶುರುವಾಗುವ ಮುಂಚೆ ಅತ್ತೆ ಇಂಚುಟೇಪನ್ನು ಕೊರಳಿಗೆ ಹಾಕಿಕೊಂಡೇ ಅಂಗಡಿಗೆ ಬಂದಳು. "ನೋಡ್ರೀ, ಸೋಮವಾರ ಎಂಟು ಗಂಟೆಗೆ ಇನ್ನೂರು ಜೊತೆ ಯೂನಿಫಾರ್ಮ್ ಕೊಡಬೇಕು. ಈ ಸಲ ನನ್ನ ಕಾರಲ್ಲೇ ಕೊಡ್ತೀನಿ. ಭಾನುವಾರ ನಿಮ್ಮ ಏಳೋ ಎಂಟೋ ಹಚ್ಚಿ ಕೀ ಕೊಡಿ." ಮಾವ ಗಾಳಿ ತುಂಬುತ್ತಿದ್ದವನು "ಆಯ್ತು" ಎಂದ. ಆ ಆಯ್ತು ಅರ್ಧ ಗಂಟಲಲ್ಲೇ ಉಳಿಯಿತು.

ಭಾನುವಾರ ಮೂವರೂ ಶೆಡ್ಡಿನಲ್ಲಿ ಸೇರಿದೆವು. ಮಾವ ಒಂದು ಕೈಯಲ್ಲಿ ಸ್ಪಂಜು, ಇನ್ನೊಂದರಲ್ಲಿ ಏಳನೇ ನಂಬರಿನ ಬಾಟಲಿ ಹಿಡಿದು ಮೊದಲ ಲಂಗ ಬಿಚ್ಚಿದ. ಸೂಜಿಗೆ ದಾರ ಪೋಣಿಸುವ ಕಣ್ಣು ಅತ್ತೆಯದು, ಅವಳಿಗೇ ಮೊದಲು ಕಂಡಿತು. "ಇದೇನ್ರೀ ಗೆರೆ?"

ಮಗ್ಗುಲ ತುಂಬ ಬಿರುಕು. ಕೆಳಗೆ ಭಾರ ಬಿದ್ದು ಉಬ್ಬಿದ ಕಡೆಯಂತೂ ಉಗುರು ಹೋಗುವಷ್ಟು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ? "ಮಾವ, ನಿಂತೂ ನಿಂತೂ ನಾಲ್ಕೂ ಸ್ಟೆಪ್ನಿ ಆಗಿಬಿಟ್ಟಿದೆ" ಎಂದೆ. ಊರಿಗೆಲ್ಲ ಹೇಳುವ ಪಾಠ ತನ್ನ ಶೆಡ್ಡಿನಲ್ಲೇ ಬಿರುಕು ಬಿಟ್ಟು ಕೂತಿದ್ದನ್ನು ಅವನು ಬೆರಳಿನಿಂದ ಸವರುತ್ತಿದ್ದ.

"ಇದ್ರಲ್ಲಿ ಓಡ್ಸೋಕಾಗಲ್ಲ ಕಣೆ" ಎಂದ ಕೊನೆಗೆ. "ಹೊಸದೇ ತರಿಸ್ಬೇಕು. ಒಳ್ಳೇದು ನೋಡಿ, ವಿಚಾರಿಸಿ, ಒಂದು ತಿಂಗಳು..." ದೇವರಾಣೆ, ಹೇಳುವಾಗ ಅವನ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಸಮಾಧಾನವೇ ಇತ್ತು. ನನಗೆ ಕಂಡದ್ದು ಅತ್ತೆಗೆ ಕಾಣದಿರುತ್ತದೆಯೇ? ಅವಳು "ಗೊತ್ತಾಯ್ತು" ಎಂದಷ್ಟೇ ಹೇಳಿ ಸೆರಗು ಕೊಡವಿಕೊಂಡು ಹೋದಳು. ಅವಳು ಕೂಗಾಡಿದ್ದರೆ ನನಗೆ ಭಯವಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಗೆ ಎದುರಂಗಡಿಯವನು ಜಾಕ್ ಹಿಡಿದು ಶೆಡ್ಡಿಗೆ ಬಂದ. ಎದುರಂಗಡಿಯದೂ ಟೈರ್ ಅಂಗಡಿಯೇ. ಹನ್ನೊಂದು ವರ್ಷದಿಂದ ಅವನಿಗೂ ಮಾವನಿಗೂ ಮಾತಿಲ್ಲ. "ಅಕ್ಕಾವ್ರು ರಾತ್ರಿನೇ ಫೋನ್ ಮಾಡಿದ್ರು, ನಾಲ್ಕು ಟೈರ್ ಬೇಕು ಅಂತ" ಎಂದು ಮಾವನ ಮುಖ ನೋಡದೆ ಗೋಡೆಗೆ ಹೇಳಿದ. ಅತ್ತೆ ಹಿಂದೆಯೇ ನಿಂತಿದ್ದಳು. "ಬಿಚ್ಚಪ್ಪ" ಎಂದಳು.

ಅಯ್ಯೋ, ಆ ದೃಶ್ಯ! ಟೈರ್ ಅಂಗಡಿ ಯಜಮಾನನ ಹೆಂಡತಿಯ ಕಾರಿನ ಚಕ್ರಗಳು ಒಂದೊಂದಾಗಿ ರಸ್ತೆ ದಾಟಿ ಎದುರಂಗಡಿಗೆ ಉರುಳಿಕೊಂಡು ಹೋದವು. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಮಾವ ಕಂಬದ ಹಾಗೆ ನಿಂತಿದ್ದ. ಹೊಸ ಟೈರು ಹಾಕಿಕೊಂಡು ಚಕ್ರಗಳು ವಾಪಸ್ ಬಂದಾಗ ಮಾತ್ರ ತಡೆಯಲಾಗದೆ ಬಗ್ಗಿ, ಮಗ್ಗುಲಲ್ಲಿ ಅಚ್ಚೊತ್ತಿದ್ದ ತಯಾರಿಕೆಯ ವಾರ, ವರ್ಷ ಓದಿದ. "ಹೊಸ ಮಾಲೇ" ಎಂದು ಗೊಣಗಿದ. ಎದುರಂಗಡಿಯವನು ಹಿಗ್ಗಿ, ಇದು ನನ್ನ ಕಡೆಯಿಂದ ಫ್ರೀ ಎನ್ನುತ್ತ ಹೊಳಪಿನ ಸ್ಪ್ರೇ ಡಬ್ಬಿ ಅಲುಗಾಡಿಸಿದ.

"ಕೈ ತೆಗಿ!" ಮಾವ ಹಾರಿ ಬಂದು ಟೈರಿಗೆ ಅಡ್ಡ ಕೂತ. "ನಾಲ್ಕನೇ ನಂಬರ್ ಅದು! ಆರು ಬಿರುಕು! ಬೇಕಾದ್ರೆ ಇವಳ ಪುಸ್ತಕ ನೋಡು!"

"ಮತ್ತೆ ಏನು ಹಚ್ಬೇಕು, ಹೇಳಿ" ಎಂದಳು ಅತ್ತೆ ತಣ್ಣಗೆ.

ಮಾವ ಒಳಗೆ ಹೋಗಿ ಏಳನೆಯದನ್ನು ತಂದ. ನಾಲ್ಕೂ ಟೈರುಗಳಿಗೆ ತೆಳ್ಳಗೆ, ಒಂದು ಹನಿ ನೆಲಕ್ಕೆ ಬೀಳದ ಹಾಗೆ ಸವರಿದ. ಅಷ್ಟರಲ್ಲಿ ಅತ್ತೆ, ನಾನು ಸೇರಿ ಬಟ್ಟೆಗಂಟುಗಳನ್ನು ತುಂಬಿದೆವು. ಮಾವ ಜೇಬಿನಿಂದ ಕೀ ತೆಗೆದುಕೊಟ್ಟ. ವಾರವಾರ ಬ್ಯಾಟರಿ ಚಾರ್ಜ್ ಮಾಡಿಟ್ಟಿದ್ದ ಪುಣ್ಯಾತ್ಮ. ಇಂಜಿನ್ ಒಂದೇ ಏಟಿಗೆ ಶುರುವಾಯಿತು. ಆದರೆ ಕಿಟಕಿಯ ಅಂಚು ಹಿಡಿದಿದ್ದ ಅವನ ಕೈ ಬಿಡಲೊಲ್ಲದು.

"ಬಿಡ್ರೀ, ಹೊತ್ತಾಯ್ತು."

"ಇಪ್ಪತ್ತೆಂಟು ವರ್ಷದಿಂದ ಒಡೆದ ಟೈರುಗಳು ನನ್ನ ಹತ್ರ ಬರ್ತಿವೆ ಕಣೆ" ಎಂದ. "ಟೈರ್ ಬರುತ್ತೆ. ಕಾರೊಳಗೆ ಕೂತಿದ್ದೋರು ಬರಲ್ಲ. ಅವ್ರಿಗೇನಾಯ್ತು ಅಂತ ಕೇಳೋಕೂ ನಂಗೆ ಧೈರ್ಯ ಇಲ್ಲ. ನೀನು ಲೈಸೆನ್ಸ್ ತಂದ ದಿನದಿಂದ ನಂಗೆ ನಿದ್ದೆ ಇಲ್ಲ."

ಎದುರಂಗಡಿಯವನು ಜಾಕ್ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

"ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತೇನ್ರೀ?" ಎಂದಳು ಅತ್ತೆ. "ಕಲಿತದ್ದು ಮರೆತುಹೋಗಬಾರದು ಅಂತ ತಿಂಗಳು ತಿಂಗಳೂ ಡ್ರೈವಿಂಗ್ ಸ್ಕೂಲಿನ ಕಾರು ಓಡಿಸಿ ಬಂದಿದೀನಿ. ಅಂಗಿಗೆ ಗುಂಡಿ ತರೋಕೆ ಹೋಗ್ತೀನಿ ಅಂತಿದ್ದೆನಲ್ಲ, ಅದೇ. ಒಂದು ಸಲಾನಾದ್ರೂ ವಾಪಸ್ ಬರದೇ ಇದ್ದೆನಾ?"

ಮಾವ ಬಾಯಿ ತೆರೆದುಕೊಂಡು ನಿಂತ. ಆ ಬೆರಗಿನಲ್ಲಿ ಅವನ ಕೈ ತಾನಾಗೇ ಸಡಿಲವಾಯಿತು. ಅತ್ತೆ ಕನ್ನಡಿ ಸರಿಮಾಡಿಕೊಂಡು, ಶೆಡ್ಡಿನಿಂದ ಹೊರಬಂದು, ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗಿ ಹೊರಟೇಬಿಟ್ಟಳು.

ಮಾವ ಒಂದೂವರೆ ಗಂಟೆ ಕಾದ. ಎರಡು ಪಂಕ್ಚರ್ ಬಂದವು, ವಾಪಸ್ ಕಳಿಸಿದ. ಕಾಫಿ ತಂದುಕೊಟ್ಟೆ, ಆರಿ ತಣ್ಣಗಾಯಿತು. ದೂರದಲ್ಲಿ ಯಾವ ಹಾರ್ನ್ ಕೇಳಿದರೂ ರಸ್ತೆಗೆ ಓಡುತ್ತಿದ್ದ. ಕೊನೆಗೆ ನೀಲಿ ಕಾರು ತಿರುವಿನಲ್ಲಿ ಕಂಡಾಗ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಬೀದಿ ನೋಡುತ್ತಿದೆ ಅನ್ನುವ ಪರಿವೆಯೂ ಇರಲಿಲ್ಲ.

ಅತ್ತೆ ಕಾರು ನಿಲ್ಲಿಸಿ, "ಗೇಟಿನವನು ಸಲ್ಯೂಟ್ ಹೊಡೆದ ರೀ!" ಎಂದಳು. ಮಾವ ಎದ್ದು, ಕಾರಿನ ಆ ಬದಿಗೆ ಹೋಗಿ, ಮುಂದಿನ ಬಾಗಿಲು ತೆಗೆದು ಅವಳ ಪಕ್ಕ ಕೂತ. ಸೀಟ್ ಬೆಲ್ಟ್ ಎಲ್ಲಿ ಸಿಕ್ಕಿಸಬೇಕೆಂದು ತಿಳಿಯದೆ ತಡಕಾಡಿದ. ಅತ್ತೆಯೇ ಬಗ್ಗಿ ಹಾಕಿದಳು.

"ಎಲ್ಲಿಗ್ರೀ?"

"ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ. ಹೀಗೆ ನಿಂತ್ಕೊಂಡು ಕಾಯೋದು ಇನ್ನು ನನ್ನ ಕೈಲಾಗಲ್ಲ ಕಣೆ."

ಕಾರು ಮತ್ತೆ ಹೊರಟಿತು. ಅಂಗಡಿ ತೆರೆದೇ ಇತ್ತು. ಹೋಗಿ ಷಟರ್ ಎಳೆದವಳು ನಾನು.