ಕೊರಮೀನಿನ ಮರಿ ಕಾಯ್ದ ನಾಗಯ್ಯ

ಚಿಕ್ಕರಸಿನಕೆರೆ ಕಡೆಯ ಒಂದು ಕೆರೆಯಲ್ಲಿ ನಲವತ್ತು ವರ್ಷ ಗಾಳ ಹಾಕಿದ ನಾಗಯ್ಯನಿಗೆ ಒಂದು ಹಟವಿತ್ತು. ಮರಿ ಕಾಯುವ ಕೊರಮೀನನ್ನು ಅವನು ಮುಟ್ಟುತ್ತಿರಲಿಲ್ಲ. ಯುಗಾದಿ ಹೊತ್ತಿಗೆ ನೀರು ಬೆಚ್ಚಗಾದಾಗ ಮರಿಗಳು ಜೊಂಡಿನ ಪಕ್ಕ ಕೆಂಪಗೆ ಗುಂಪುಗಟ್ಟುತ್ತವೆ; ತಾಯಿ ಮೇವು ಬಿಟ್ಟು ಕೆಳಗೇ ಕಾವಲಿರುತ್ತದೆ. ಆ ಕೆಂಪಿನ ನಡುವೆ ಗಾಳ ಬಿದ್ದರೆ ಹಸಿವಿಗಲ್ಲ, ಸಿಟ್ಟಿಗೆ ಬಾಯಿ ಹಾಕುತ್ತದೆ. ಕುರುಡನೂ ಹಿಡಿದಾನು. ಹಾಗೆ ಹಿಡಿದವರನ್ನು ನಾಗಯ್ಯ ಏರಿಯ ಮೇಲೆ ನಿಲ್ಲಿಸಿಕೊಂಡು ಏಳು ತಲೆಮಾರು ಎತ್ತಿ ಬಯ್ಯುತ್ತಿದ್ದ. ಅವನ ಬಾಯಿಗೆ ಹೆದರಿಯೇ ಎಷ್ಟೋ ಮರಿಗಳು ಬದುಕಿದವು.

ಈ ಸಲ ಅವನ ಹೆಂಡತಿ ದೇವಿರಮ್ಮ ಹೊಟ್ಟೆಯ ಆಪರೇಷನ್ ಮುಗಿಸಿ ಮನೆಗೆ ಬಂದವಳು ಅನ್ನವನ್ನೇ ಮುಟ್ಟಲಿಲ್ಲ. ಗಂಜಿ ಕುಡಿಸಿದರೆ ಕಕ್ಕಿದಳು. ಎಂಟು ದಿನಕ್ಕೆ ಕೈಕಾಲು ಕಡ್ಡಿಯಾದವು. ಉಣ್ಣದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಯುಗಾದಿಯ ಸಂಜೆ ಅವಳೇ ಬಾಯಿಬಿಟ್ಟಳು: "ಕೊರಮೀನ್ ಸಾರಾದ್ರೆ ಎಲ್ಡು ತುತ್ತು ಉಣ್ತೀನಿ ಕಣಯ್ಯ."

ಮರುದಿನ ಹೊಸತೊಡಕು. ಊರೆಲ್ಲ ಬಾಡಿನ ಗುಂಗಿನಲ್ಲಿರುವಾಗ ನಾಗಯ್ಯ ಕೆರೆಗಿಳಿದ. ಕಪ್ಪೆ ಚುಚ್ಚಿದ, ಎರೆಹುಳು ಚುಚ್ಚಿದ. ಸಿಕ್ಕಿದ್ದೆಲ್ಲ ಬೆರಳುದ್ದದ ಜಿಲೇಬಿ ಮೀನು. ಬಿಸಿಲೇರಿತು. ಜೊಂಡಿನ ಬಳಿ ಮಾತ್ರ ಆ ಕೆಂಪು ಕುದಿಯುತ್ತಿತ್ತು. ಮೂರು ಸಲ ಮುಖ ತಿರುಗಿಸಿದ. ನಾಲ್ಕನೆಯ ಸಲ ಗಾಳ ಅಲ್ಲಿಗೇ ಬಿತ್ತು. ಮೊಳದುದ್ದದ ಮೀನು ದಡದಲ್ಲಿ ಬಡಿದುಕೊಳ್ಳುವಾಗ ಅವನಿಗೆ ಅಳು ಬಂತು.

ಮನೆಯಲ್ಲಿ ಮಗಳು ಶಶಿರೇಖಾ ಮೀನು ಕೊಯ್ಯುತ್ತಿದ್ದಳು. ದೇವಿರಮ್ಮನೂ ಕೆರೆ ದಡದಲ್ಲೇ ಬೆಳೆದವಳು, ಮಲಗಿದಲ್ಲಿಂದಲೇ ನೋಡಿದಳು.

"ಒಟ್ಟೆ ಬರಿದು. ಮರಿ ಕಾಯ್ತಿತ್ತು ಅಲ್ವಾ?"

ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು, "ನೀ ಉಣ್ಣಕಿಲ್ವಲ್ಲ ಕಣಮ್ಮಿ," ಎಂದ.

"ಜಿಲೇಬಿಗಳು ಒಂದ್ನೂ ಬುಡಕಿಲ್ಲ, ತಿಂದಾಕ್ಬುಡ್ತವೆ. ತಾಯ್ನ ಕಿತ್ಕಂಡು ಬಂದೋನು ನೀನೇ ಓಗಿ ಕಾಯಿ. ನೀನಲ್ಲಿ ನಿಂತ್ರೆ ನಾನಿಲ್ಲಿ ಉಣ್ತೀನಿ."

ನಾಗಯ್ಯ ಓಡಿದ. ಸೊಂಟದ ನೀರಿನಲ್ಲಿ ನಿಂತು ಬಿದಿರುಕೋಲಿನಿಂದ ಕೆಂಪಿನ ಸುತ್ತ ನೀರು ಬಡಿದ. ಜಿಲೇಬಿ ಮೀನುಗಳನ್ನು ಈ ಕಡೆ ಓಡಿಸಿದರೆ ಆ ಕಡೆ ನುಗ್ಗಿದವು. ಏರಿಯ ಮೇಲೆ ಹೋಗುತ್ತಿದ್ದ ಕೆಂಪಯ್ಯ, "ಏನ್ಲಾ, ನೀರ್ಗೆ ಒಡೀತಿದ್ದೀಯ? ತಲೆಗಿಲೆ ಕೆಡ್ತಾ?" ಎಂದು ನಕ್ಕ. ಜೀವಮಾನದಲ್ಲಿ ಮೊದಲ ಸಲ ನಾಗಯ್ಯ ತಿರುಗಿ ಬಯ್ಯಲಿಲ್ಲ. ಮರಿಗಳು ಉಸಿರಿಗೆ ಮೇಲೆ ಬಂದಾಗಲೆಲ್ಲ ಕೆಂಪು ಮೊದಲಿಗಿಂತ ಕುಗ್ಗಿರುತ್ತಿತ್ತು. ಮೊರದಗಲ ಇದ್ದದ್ದು ತಟ್ಟೆಯಗಲವಾಯಿತು, ಆಮೇಲೆ ಅಂಗೈಯಗಲ. ಒಂದು ತಾಯಿಮೀನು ಮಾಡುವ ಕೆಲಸ ಈ ಗಂಡಸಿನ ಕೈಯಲ್ಲಾಗಲಿಲ್ಲ. ಆಮೇಲೆ ಏನೂ ಮೇಲೆ ಬರಲಿಲ್ಲ.

ಅಷ್ಟರಲ್ಲಿ ಶಶಿರೇಖಾ ಏರಿಯ ಮೇಲೆ ಓಡಿಬಂದಳು. "ಅಪ್ಪೋ, ಉಂಡ್ಲು ಕಣಪ್ಪೋ! ಎಲ್ಡು ತುತ್ತು ಉಂಡ್ಲು! ಮರಿ ಅವಾ ಅಂತ ಕೇಳ್ತಾವ್ಳೆ. ಅವೆ ಅಂದ್ರೆ ಇನ್ನೊಂದು ತುತ್ತು ಉಣ್ತಾಳಂತೆ!"

ನಾಗಯ್ಯ ಬರಿ ನೀರನ್ನು ನೋಡಿದ.

"ಅವೆ ಅನ್ನವ್ವ," ಎಂದು ಕೂಗಿದ. "ಎಲ್ಲಾ ಅವೆ ಅನ್ನು."

ಅವಳು ಏರಿ ಇಳಿದು ಮರೆಯಾಗುವ ತನಕ ಕೋಲಿನಿಂದ ನೀರು ಬಡಿಯುತ್ತಲೇ ಇದ್ದ.