ಕನ್ನಡಿಗೆ ಬಟ್ಟೆ ಕಟ್ಟಿದ ಕ್ಷೌರಿಕ

ಕ್ಷೌರದಂಗಡಿಯ ಗಿಳಿಯನ್ನು ಎಲ್ಲರೂ ‘ಯಜಮಾನ್ರು’ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಯಜಮಾನರು ಪಂಜರದಲ್ಲಿ ಮೊಟ್ಟೆಯಿಟ್ಟು ಕೂತಿದ್ದರು! ಕ್ಷೌರಿಕ ಕತ್ತರಿ ಕೆಳಗಿಟ್ಟು ಪಶುವೈದ್ಯೆಯ ಬಳಿಗೆ ಓಡಿದ.

“ಗಂಡಿಲ್ಲದ ಮೊಟ್ಟೆ, ಮರಿಯಾಗಲ್ಲ. ಆದ್ರೂ ತೆಗೀಬೇಡಿ, ತೆಗೆದ್ರೆ ಮತ್ತೆ ಮತ್ತೆ ಇಟ್ಟು ಸೊರಗುತ್ತೆ. ಕ್ಯಾಲ್ಸಿಯಂ ಪುಡಿ ಕೊಡ್ತೀನಿ, ಕಾಳಿಗೆ ಬೆರೆಸಿ. ಪಂಜರ ಕದಲಿಸಬೇಡಿ. ಎದುರಿಗೆ ಕನ್ನಡಿ ಇದ್ರೆ ಮುಚ್ಚಿ, ತನ್ನ ಬಿಂಬವನ್ನೇ ಜೋಡಿ ಅಂದ್ಕೊಂಡಿರುತ್ತೆ” ಎಂದರು ಆಕೆ.

ಅಂಗಡಿಯ ತುಂಬ ಕನ್ನಡಿಗಳೇ. ಅವನು ಒಂದನ್ನೂ ಬಿಡದೆ ಬಟ್ಟೆ ಕಟ್ಟಿದ.

“ಕನ್ನಡಿ ಇಲ್ದೆ ಕಟಿಂಗಾ? ತಲೆ ನಂದು ಕಣಯ್ಯಾ!” ಎಂದು ಪಕ್ಕದಂಗಡಿಯ ದರ್ಜಿ ರೇಗಿದ.

“ತಲೆ ನಿಂದು, ಕೈ ನಂದು. ಬಾಣಂತಿ ಇರೋ ಕಡೆ ಕೂಗಾಡಬೇಡ, ಕೂತ್ಕೋ.”

ದರ್ಜಿ ಗೊಣಗುತ್ತಲೇ ಕೂತ. ಕೆಲವು ಗಿರಾಕಿಗಳು ಬೇರೆ ಅಂಗಡಿ ಹಿಡಿದರು. “ಒಂದು ಹಕ್ಕಿಗೋಸ್ಕರ ಹೊಟ್ಟೆಪಾಡು ಕಳ್ಕೋತೀರಾ?” ಎಂದು ಹೆಂಡತಿ ಗದರಿದಳು. ಅವನು ಜಗ್ಗಲಿಲ್ಲ. ದಿನವೂ ತಾನೇ ಕಾಳಿಗೆ ಪುಡಿ ಬೆರೆಸಿ, ಗಿಳಿ ತಿನ್ನುವವರೆಗೂ ಕಾದು ನಿಲ್ಲುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಗಿಳಿ ಮೊಟ್ಟೆಯ ಸಹವಾಸವೇ ಸಾಕೆಂಬಂತೆ ಎದ್ದು, ಕೋಲಿನ ಮೇಲೇರಿ ರೆಕ್ಕೆ ಕೊಡವಿತು. ಮತ್ತೆ ಅತ್ತ ತಿರುಗಿಯೂ ನೋಡಲಿಲ್ಲ. ಕ್ಷೌರಿಕ ತಣ್ಣಗಾದ ಮೊಟ್ಟೆಯನ್ನು ತೆಗೆದ. ಪಂಜರವನ್ನು ಕನ್ನಡಿ ಕಾಣದ ಬಾಗಿಲ ಬದಿಗೆ ತೂಗುಹಾಕಿದ. ಆಮೇಲೆಯೇ ಬಟ್ಟೆಗಳನ್ನು ಬಿಚ್ಚಿದ್ದು.